ಬ್ಯಾಂಕಿನ ‘ಇತರೆ ಆದಾಯ’ ಎಲ್ಲಿಂದ ಬಂತು? ಬೌದ್ಧಿಕ ಬಂಡವಾಳ ಮತ್ತು ಆದಾಯ ವೈವಿಧ್ಯ ಅಳೆಯುವವರಿಗೆ ಸಮಗ್ರ ಮಾರ್ಗದರ್ಶಿ

ಬ್ಯಾಂಕಿನ ವಾರ್ಷಿಕ ವರದಿ ಕೈಗೆ ಸಿಕ್ಕರೆ ಹೆಚ್ಚಿನವರು ನಿವ್ವಳ ಲಾಭ, ಡಿವಿಡೆಂಡ್ ನೋಡಿ ಮುಚ್ಚಿಡುತ್ತಾರೆ. ನಾನು ಮೊದಲು ತೆರೆಯುವುದು 14ನೇ ಷೆಡ್ಯೂಲ್, ಅಂದರೆ ಲೆಕ್ಕಪತ್ರದ ಜೊತೆಗಿರುವ ವಿವರ ಪಟ್ಟಿಗಳಲ್ಲಿ 14ನೆಯದು. ‘ಇತರೆ ಆದಾಯ’ ಎಂಬ ತಲೆಬರಹದ ಕೆಳಗೆ ಅಲ್ಲಿ ಇರುವುದು ಏಳೇ ಸಾಲು. ಬ್ಯಾಂಕಿನ ಜನರಿಗೆ ಏನು ಗೊತ್ತಿದೆ, ಗ್ರಾಹಕರು ಅವರನ್ನು ಎಷ್ಟು ನಂಬಿದ್ದಾರೆ ಎನ್ನುವುದರ ಸುಳಿವು ಆ ಏಳು ಸಾಲುಗಳಲ್ಲಿ ಸಿಗುತ್ತದೆ.

ಅಭಿವೃದ್ಧಿಶೀಲ ದೇಶಗಳ ಬ್ಯಾಂಕ್‌ಗಳಲ್ಲಿ ಬೌದ್ಧಿಕ ಬಂಡವಾಳ ಹೆಚ್ಚಿದರೆ ಆದಾಯದ ಮೂಲಗಳೂ ಹೆಚ್ಚುತ್ತವೆಯೇ? ಎಂ.ಕಾಂ., ಎಂಬಿಎ ಪ್ರಾಜೆಕ್ಟ್‌ಗಳಲ್ಲಿ, ಪಿಎಚ್‌.ಡಿ. ಪ್ರಬಂಧಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಬಹಳಷ್ಟು ವಿದ್ಯಾರ್ಥಿಗಳು ಸಿದ್ಧ ಸೂತ್ರ ಹಿಡಿದು, ಡೇಟಾಬೇಸ್‌ನಿಂದ ಅಂಕಿ ಇಳಿಸಿಕೊಂಡು, ನೇರ ಸಾಫ್ಟ್‌ವೇರ್‌ಗೆ ಹಾಕಿಬಿಡುತ್ತಾರೆ. ಸೂತ್ರದಲ್ಲಿ ದೋಷವಿಲ್ಲ. ಆದರೆ ಅದಕ್ಕೆ ಹಾಕುವ ಅಂಕಿಗಳನ್ನು ಮೊದಲು ಕೈಯಾರೆ ಕೇರಿ, ಜೊಳ್ಳು ಬೇರೆ ಮಾಡಬೇಕು. ಅದನ್ನು ಭಾರತದ ಬ್ಯಾಂಕ್‌ಗಳ ಮಟ್ಟಿಗೆ ಹೇಗೆ ಮಾಡುವುದು ಎಂದು ಇಲ್ಲಿ ಹಂತ ಹಂತವಾಗಿ ತೋರಿಸುತ್ತೇನೆ. ಷೇರು ಇಟ್ಟುಕೊಂಡಿರುವ ಸಾಮಾನ್ಯ ಓದುಗರಿಗೂ ಒಂದು ಪೆನ್ಸಿಲ್, ಒಂದು ಎಕ್ಸೆಲ್ ಶೀಟ್ ಇದ್ದರೆ ಸಾಕು.

ಹಂತ 1: ಏನನ್ನು ಅಳೆಯುತ್ತಿದ್ದೇವೆ?

1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ದಿನಾ ಅಂಗಡಿಗೆ, ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಹಣವನ್ನೂ ಸಂಗ್ರಹಿಸುತ್ತಿದ್ದರು. ಯಾವ ಅಂಗಡಿಯಲ್ಲಿ ಈ ವಾರ ವ್ಯಾಪಾರ ಮಂದ, ಯಾರ ಮನೆಯಲ್ಲಿ ಮದುವೆ, ಯಾರು ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎನ್ನುವುದು ದಿನಾ ಹೋಗುವವರಿಗೆ ಗೊತ್ತಾಗದೆ ಇರುತ್ತದೆಯೇ? ಆ ತಿಳಿವಳಿಕೆ ಯಾವ ಆಸ್ತಿ ಪಟ್ಟಿಯಲ್ಲೂ ಬರುವುದಿಲ್ಲ. ಆದರೆ ಸಾಲ ಕೊಡುವಾಗ ಅದೇ ಕೈಹಿಡಿಯುವುದು.

ಕಣ್ಣಿಗೆ ಕಾಣದ ಇಂಥ ಸಂಪತ್ತೇ ಬೌದ್ಧಿಕ ಬಂಡವಾಳ. ಇದನ್ನು ಮೂರು ಭಾಗ ಮಾಡುತ್ತಾರೆ. ಏಜೆಂಟರ, ಮ್ಯಾನೇಜರರ ತಲೆಯಲ್ಲಿರುವುದು ಮಾನವ ಬಂಡವಾಳ. ಅವರು ರಜೆ ಹಾಕಿದರೂ ಬ್ಯಾಂಕಿನಲ್ಲೇ ಉಳಿಯುವ ಲೆಡ್ಜರು, ಸಾಫ್ಟ್‌ವೇರು, ಸಾಲ ಮಂಜೂರಾತಿಯ ಕ್ರಮ ಇವೆಲ್ಲ ವ್ಯವಸ್ಥೆಯ ಬಂಡವಾಳ. ಅಂಗಡಿಯವರು ಬ್ಯಾಂಕಿನ ಮೇಲಿಟ್ಟ ನಂಬಿಕೆ ಸಂಬಂಧ ಬಂಡವಾಳ.

ಆದಾಯ ವೈವಿಧ್ಯ ಎಂದರೆ ಸಾಲದ ಬಡ್ಡಿಯೊಂದನ್ನೇ ನೆಚ್ಚಿಕೊಳ್ಳದೆ ಶುಲ್ಕ, ಕಮಿಷನ್, ವಿದೇಶಿ ವಿನಿಮಯ, ಹೂಡಿಕೆ ಮೊದಲಾದ ಕಡೆಯಿಂದಲೂ ಗಳಿಸುವುದು. ಭಾರತದಲ್ಲಿ ಇದು ಈಗ ತುರ್ತಿನ ಮಾತು. 2019ರ ಅಕ್ಟೋಬರ್‌ನಿಂದ ಹೊಸ ಗೃಹಸಾಲ ಮತ್ತಿತರ ಫ್ಲೋಟಿಂಗ್ ಬಡ್ಡಿಯ ರಿಟೇಲ್ ಸಾಲಗಳು ರೆಪೊದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕ್‌ಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಣೆಯಾಗಿವೆ. 2025ರ ಫೆಬ್ರುವರಿಯಿಂದ ಜೂನ್ ನಡುವೆ ರೆಪೊ ದರ ಶೇ 6.5ರಿಂದ 5.5ಕ್ಕೆ ಇಳಿದಾಗ ಸಾಲದ ಬಡ್ಡಿ ಬೇಗ ಇಳಿಯಿತು. ಈಗಾಗಲೇ ಒಪ್ಪಿಕೊಂಡ ಎಫ್‌ಡಿ ಬಡ್ಡಿಯನ್ನು ಮಾತ್ರ ಬ್ಯಾಂಕ್‌ಗಳು ಅವಧಿ ಮುಗಿಯುವವರೆಗೆ ಕೊಡಲೇಬೇಕಿತ್ತು.

ಹಂತ 2: ಕಾಗದಪತ್ರ ಹೊಂದಿಸಿಕೊಳ್ಳಿ

ಒಂದೇ ಬ್ಯಾಂಕಿನ ಎಂಟು-ಹತ್ತು ವರ್ಷಗಳ ವಾರ್ಷಿಕ ವರದಿಗಳನ್ನು ಅದರ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ. ಎಲ್ಲ ಬ್ಯಾಂಕ್‌ಗಳ ಅಂಕಿ ಒಟ್ಟಿಗೆ ಬೇಕಾದರೆ ರಿಸರ್ವ್ ಬ್ಯಾಂಕಿನ ವಾರ್ಷಿಕ ಅಂಕಿಅಂಶ ಕೋಷ್ಟಕಗಳಿವೆ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಲೆಕ್ಕಪತ್ರದ ನಮೂನೆಯನ್ನು ನಿಗದಿ ಮಾಡಿರುವುದರಿಂದ ಯಾವ ಬ್ಯಾಂಕಿನ ವರದಿ ತೆಗೆದರೂ ಷೆಡ್ಯೂಲ್ ಸಂಖ್ಯೆ ಒಂದೇ: 13 ಬಡ್ಡಿ ಆದಾಯ, 14 ಇತರೆ ಆದಾಯ, 15 ಬಡ್ಡಿ ವೆಚ್ಚ, 16 ಕಾರ್ಯಾಚರಣೆ ವೆಚ್ಚ, 18 ಟಿಪ್ಪಣಿಗಳು. ಈ ಐದಕ್ಕೆ ಗುರುತು ಹಾಕಿಕೊಳ್ಳಿ. ಅಂಕಿ ಸಾವಿರದಲ್ಲಿದೆಯೋ, ಲಕ್ಷದಲ್ಲೋ, ಕೋಟಿಯಲ್ಲೋ ಎಂದು ಪುಟದ ಬಲ ಮೂಲೆ ನೋಡಿಯೇ ಟೈಪ್ ಮಾಡಿ.

ವಿಲೀನದ ವರ್ಷಗಳಲ್ಲಿ ಇನ್ನೂ ಎಚ್ಚರ ಬೇಕು. ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಹಾಗಾಗಿ 2019-20ರ ಕೆನರಾವನ್ನು 2020-21ರ ಕೆನರಾ ಪಕ್ಕ ಇಟ್ಟರೆ ಒಂದೇ ವರ್ಷದಲ್ಲಿ ಬ್ಯಾಂಕ್ ಹಿಗ್ಗಿಹೋದಂತೆ ಕಾಣುತ್ತದೆ. ಹಿಂದಿನ ವರ್ಷಗಳಿಗೆ ಕೆನರಾ ಮತ್ತು ಸಿಂಡಿಕೇಟ್ ಅಂಕಿಗಳನ್ನು ಕೂಡಿಸಿಯೇ ಹೋಲಿಸಬೇಕು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಹುಟ್ಟಿದ ಐದು ದೊಡ್ಡ ಬ್ಯಾಂಕ್‌ಗಳಲ್ಲಿ ಇವತ್ತು ಸ್ವಂತ ಹೆಸರಿನಲ್ಲಿ ಉಳಿದಿರುವುದು ಕೆನರಾ ಮತ್ತು ಕರ್ನಾಟಕ ಬ್ಯಾಂಕ್ ಎರಡೇ. ಇದನ್ನು ಬರೆಯುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ಶಾಖೆಯ ಮುಂದಿನ ಬೋರ್ಡ್ ಬದಲಾದ ದಿನ ಎಷ್ಟು ಊರುಗಳ ಸಂಬಂಧ ಬಂಡವಾಳ ಸವೆಯಿತು ಎನ್ನುವುದಕ್ಕೆ ಯಾವ ಷೆಡ್ಯೂಲಿನಲ್ಲೂ ಸಾಲಿಲ್ಲ.

ಹಂತ 3: ಬೌದ್ಧಿಕ ಬಂಡವಾಳದ ಲೆಕ್ಕ

ಹೆಚ್ಚು ಬಳಕೆಯಲ್ಲಿರುವುದು ಸಂಶೋಧಕ ಆಂಟೆ ಪುಲಿಕ್ 1990ರ ದಶಕದ ಕೊನೆಯಲ್ಲಿ ರೂಪಿಸಿದ ವಿಎಐಸಿ (ವ್ಯಾಲ್ಯೂ ಆ್ಯಡೆಡ್ ಇಂಟೆಲೆಕ್ಚುವಲ್ ಕೋಎಫಿಶಿಯೆಂಟ್) ವಿಧಾನ. ನೌಕರರಿಗೆ ಕೊಟ್ಟ ಹಣವನ್ನು ಖರ್ಚು ಎನ್ನದೆ ಹೂಡಿಕೆ ಎಂದು ನೋಡುವುದೇ ಅದರ ಜೀವಾಳ. ಒಂದು ರೂಪಾಯಿ ಸಂಬಳಕ್ಕೆ ಬ್ಯಾಂಕ್ ಎಷ್ಟು ರೂಪಾಯಿ ಮೌಲ್ಯ ಹುಟ್ಟಿಸಿತು ಎಂದು ಅದು ಕೇಳುತ್ತದೆ.

ಲೆಕ್ಕ ಅರ್ಥವಾಗಲೆಂದು ನಾನೇ ಇಟ್ಟುಕೊಂಡ ಅಂಕಿಗಳು ಇವು, ಎಲ್ಲ ಕೋಟಿಯಲ್ಲಿ. ಬಡ್ಡಿ ಆದಾಯ 8,000, ಬಡ್ಡಿ ವೆಚ್ಚ 5,000. ನಿವ್ವಳ ಬಡ್ಡಿ ಆದಾಯ 3,000. ಇತರೆ ಆದಾಯ 1,000. ಕಾರ್ಯಾಚರಣೆ ವೆಚ್ಚ 2,200. ಅದರಲ್ಲಿ ನೌಕರರ ವೆಚ್ಚ 1,200, ಸವಕಳಿ 100. ಹಾಗಾದರೆ ಕಾರ್ಯಾಚರಣೆ ಲಾಭ 1,800.

ಸೇರಿಸಿದ ಮೌಲ್ಯ = ಕಾರ್ಯಾಚರಣೆ ಲಾಭ + ನೌಕರರ ವೆಚ್ಚ + ಸವಕಳಿ = 1,800 + 1,200 + 100 = 3,100.

ಮಾನವ ಬಂಡವಾಳ ದಕ್ಷತೆ = 3,100 ÷ 1,200 = 2.58.

ವ್ಯವಸ್ಥೆಯ ಬಂಡವಾಳ ದಕ್ಷತೆ = (3,100 − 1,200) ÷ 3,100 = 0.61.

ಹೂಡಿದ ಬಂಡವಾಳ ದಕ್ಷತೆ = 3,100 ÷ ನಿವ್ವಳ ಸಂಪತ್ತು. ಅದು 10,000 ಎಂದುಕೊಂಡರೆ 0.31.

ಮೂರನ್ನೂ ಕೂಡಿದರೆ ವಿಎಐಸಿ 3.50. ನಿವ್ವಳ ಸಂಪತ್ತಿಗೆ 1 ಮತ್ತು 2ನೇ ಷೆಡ್ಯೂಲ್ (ಷೇರು ಬಂಡವಾಳ, ಮೀಸಲು) ಕೂಡಿಸಿ, ಅದರಿಂದ ಕಟ್ಟಡಗಳ ಮರುಮೌಲ್ಯಮಾಪನ ಮೀಸಲನ್ನು ಕಳೆಯಿರಿ. ನಗರದ ನಡುವೆ ಇರುವ ಹಳೇ ಕಟ್ಟಡದ ಬೆಲೆ ಏರಿದ್ದು ಯಾರ ದುಡಿಮೆಯೂ ಅಲ್ಲ.

ಹಂತ 4: ಎಡವುವ ಜಾಗಗಳು

ಮೊದಲನೆಯದು ಪ್ರಾವಿಷನ್. ನಮ್ಮ ಬ್ಯಾಂಕ್‌ಗಳು ‘ಕಾರ್ಯಾಚರಣೆ ಲಾಭ’ ಎನ್ನುವುದು ಕೆಟ್ಟ ಸಾಲಕ್ಕೆ ಹಣ ತೆಗೆದಿಡುವ ಮುಂಚಿನ ಲಾಭವನ್ನು. ಯಾರಿಗೆ ಸಾಲ ಕೊಡಬಾರದು ಎಂದು ತಿಳಿಯುವುದೇ ಬ್ಯಾಂಕರ್‌ ಒಬ್ಬರ ಮುಖ್ಯ ವಿದ್ಯೆ. ಆ ವಿದ್ಯೆ ಸೋತ ನಷ್ಟವನ್ನು ಲೆಕ್ಕದಿಂದ ಹೊರಗಿಟ್ಟು ಅದೇ ವಿದ್ಯೆಯನ್ನು ಅಳೆಯುವುದು ಸರಿಯೇ? ಮೇಲಿನ ಬ್ಯಾಂಕ್ ಎನ್‌ಪಿಎಗೆ 600 ಕೋಟಿ ತೆಗೆದಿಟ್ಟಿದ್ದರೆ ಸೇರಿಸಿದ ಮೌಲ್ಯ 2,500ಕ್ಕೆ ಇಳಿಯುತ್ತದೆ, ಮಾನವ ಬಂಡವಾಳ ದಕ್ಷತೆ 2.08 ಆಗುತ್ತದೆ. 2015ರಲ್ಲಿ ರಿಸರ್ವ್ ಬ್ಯಾಂಕ್ ಸಾಲಗಳ ಗುಣಮಟ್ಟ ಪರಿಶೀಲನೆಗೆ ಇಳಿದ ಮೇಲೆ ಮುಚ್ಚಿಟ್ಟ ಕೆಟ್ಟ ಸಾಲಗಳೆಲ್ಲ ಹೊರಬಿದ್ದು, 2018ರ ಮಾರ್ಚ್ ಹೊತ್ತಿಗೆ ಬ್ಯಾಂಕ್‌ಗಳ ಒಟ್ಟು ಎನ್‌ಪಿಎ ಶೇ 11 ದಾಟಿತ್ತು. ಆ ವರ್ಷಗಳನ್ನು ಪ್ರಾವಿಷನ್‌ಗೆ ಮುಂಚಿನ ಲಾಭದಲ್ಲಿ ಅಳೆದರೆ ಬೌದ್ಧಿಕ ಬಂಡವಾಳ ಚೆನ್ನಾಗಿಯೇ ಇದ್ದಂತೆ ಕಂಡೀತು. ಎರಡೂ ರೀತಿ ಲೆಕ್ಕ ಹಾಕಿ, ಎರಡನ್ನೂ ವರದಿ ಮಾಡಿ.

ಎರಡನೆಯದು ವೇತನ ಒಪ್ಪಂದ. ಬ್ಯಾಂಕ್‌ಗಳು ಮತ್ತು ನೌಕರರ ಸಂಘಟನೆಗಳ ನಡುವಿನ 11ನೇ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2020ರ ನವೆಂಬರ್‌ನಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. 12ನೆಯದು 2024ರ ಮಾರ್ಚ್‌ನಲ್ಲಿ ಆಗಿ, 2022ರ ನವೆಂಬರ್‌ನಿಂದ ಅನ್ವಯವಾಯಿತು. ಹಿಂಬಾಕಿಯ ಭಾರ ಕೆಲವೇ ವರ್ಷಗಳ ಮೇಲೆ ಬೀಳುವುದರಿಂದ ಆ ವರ್ಷಗಳಲ್ಲಿ ಮಾನವ ಬಂಡವಾಳ ದಕ್ಷತೆ ಕುಸಿದಂತೆ ಕಾಣುತ್ತದೆ. ಪಿಂಚಣಿಯೂ ಹಾಗೆಯೇ. ಸರ್ಕಾರಿ ಸಾಲಪತ್ರಗಳ ಬಡ್ಡಿ ಇಳಿದರೆ ಮುಂದೆ ಕೊಡಬೇಕಾದ ಪಿಂಚಣಿಯ ಇಂದಿನ ಮೌಲ್ಯ ಏರುತ್ತದೆ, ಆ ಏರಿಕೆ ನೌಕರರ ವೆಚ್ಚದ ಸಾಲಿಗೆ ಬಂದು ಕೂರುತ್ತದೆ. ಕೌಂಟರಿನಲ್ಲಿ ಕೂತವರು ನಿನ್ನೆಗಿಂತ ಇವತ್ತು ದಡ್ಡರಾಗಿಲ್ಲ. 18ನೇ ಷೆಡ್ಯೂಲಿನಲ್ಲಿ ಲೆಕ್ಕಪತ್ರ ಮಾನದಂಡ 15ರ ಟಿಪ್ಪಣಿ ತೆರೆದು, ಆ್ಯಕ್ಚುರಿಯಲ್ ನಷ್ಟವನ್ನು, ಅಂದರೆ ಪಿಂಚಣಿ ಅಂದಾಜು ಬದಲಾದದ್ದರಿಂದ ಬಂದ ಹೊರೆಯನ್ನು, ಬೇರೆ ಮಾಡಿಕೊಳ್ಳಿ. ಇಲ್ಲವೇ ಮೂರು ವರ್ಷಗಳ ಸರಾಸರಿ ತೆಗೆಯಿರಿ.

ಮೂರನೆಯದು ಹೊರಗುತ್ತಿಗೆ. ಬ್ಯಾಂಕಿನ ಪರವಾಗಿ ಜನರ ಬಳಿಗೆ ಹೋಗುವ ‘ಬ್ಯಾಂಕ್ ಮಿತ್ರ’ ಪ್ರತಿನಿಧಿಗಳ ಕಮಿಷನ್, ಏಜೆನ್ಸಿ ಮೂಲಕ ಬಂದ ಮಾರಾಟ ಸಿಬ್ಬಂದಿಯ ಖರ್ಚು ‘ನೌಕರರಿಗೆ ಪಾವತಿ’ ಸಾಲಿನಲ್ಲಿ ಇರುವುದಿಲ್ಲ. 16ನೇ ಷೆಡ್ಯೂಲಿನ ಕೊನೆಯ ‘ಇತರೆ ವೆಚ್ಚ’ದಲ್ಲಿ ಕರಗಿರುತ್ತದೆ. ಹಾಗಾಗಿ ಹೊರಗುತ್ತಿಗೆ ಹೆಚ್ಚಿರುವ ಖಾಸಗಿ ಬ್ಯಾಂಕ್ ಮತ್ತು ಕಾಯಂ ನೌಕರರೇ ಹೆಚ್ಚಿರುವ ಸರ್ಕಾರಿ ಬ್ಯಾಂಕ್‌ಗಳ ಅನುಪಾತವನ್ನು ನೇರ ಹೋಲಿಸಬೇಡಿ. ಬಿಸಿಲಲ್ಲಿ ತಿರುಗುವವರ ದುಡಿಮೆಯ ಫಲ ಮೇಲಿನ ಸಂಖ್ಯೆಯಲ್ಲಿ ಸೇರಿ, ಅವರ ಕೂಲಿ ಕೆಳಗಿನ ಸಂಖ್ಯೆಯಿಂದ ಬಿಟ್ಟುಹೋದರೆ ಅದು ನ್ಯಾಯದ ಅಳತೆಯಲ್ಲ.

ಇನ್ನೊಂದು ಗಣಿತದ ಮಾತು. ವ್ಯವಸ್ಥೆಯ ಬಂಡವಾಳ ದಕ್ಷತೆ ಎಂದರೆ 1ರಿಂದ ಮಾನವ ಬಂಡವಾಳ ದಕ್ಷತೆಯ ವಿಲೋಮವನ್ನು ಕಳೆದದ್ದು, ಅಷ್ಟೇ: 1 − 1÷2.58 = 0.61. ಅಂದರೆ ಅದು ಹೊಸದಾಗಿ ಏನನ್ನೂ ಹೇಳುವುದಿಲ್ಲ. ಎರಡನ್ನೂ ಬೇರೆ ಬೇರೆ ಸಾಕ್ಷಿಗಳಂತೆ ಒಂದೇ ಮಾದರಿಯಲ್ಲಿ ಹಾಕಬೇಡಿ. ವ್ಯವಸ್ಥೆಯನ್ನು ನಿಜಕ್ಕೂ ನೋಡಬೇಕಿದ್ದರೆ ಸಾಫ್ಟ್‌ವೇರ್ ಹೂಡಿಕೆಯ ಅಂಕಿ ಹುಡುಕಿ. ಸಂಬಂಧ ಬಂಡವಾಳಕ್ಕೆ ಕೆಲವರು ಜಾಹೀರಾತು ವೆಚ್ಚ ಹಿಡಿಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಠೇವಣಿ ವೆಚ್ಚ, ಅಂದರೆ ಠೇವಣಿಗಳಿಗೆ ಕೊಟ್ಟ ಸರಾಸರಿ ಬಡ್ಡಿ ದರ ನೋಡಿ. ಪಕ್ಕದ ಬ್ಯಾಂಕ್‌ಗಿಂತ ಕಡಿಮೆ ಬಡ್ಡಿ ಕೊಟ್ಟರೂ ಜನ ಹಣ ತಂದಿಡುತ್ತಾರೆ ಎಂದರೆ ಅದರಲ್ಲಿ ನಂಬಿಕೆಯ ಪಾಲು ದೊಡ್ಡದು. ಈ ಅನುಪಾತ ಟಿಪ್ಪಣಿಗಳಲ್ಲಿ ಸಿಗುತ್ತದೆ.

ಹಂತ 5: ವೈವಿಧ್ಯದ ಸೂಚ್ಯಂಕ

ಸೂತ್ರ ಸರಳ. ನಿವ್ವಳ ಬಡ್ಡಿ ಆದಾಯ 3,000, ಇತರೆ ಆದಾಯ 1,000, ಒಟ್ಟು 4,000. ಪಾಲು 0.75 ಮತ್ತು 0.25. ಎರಡರ ವರ್ಗ ಕೂಡಿದರೆ 0.5625 + 0.0625 = 0.625. ಇದನ್ನು 1ರಿಂದ ಕಳೆದರೆ 0.375. ಎರಡೇ ಮೂಲಗಳಿದ್ದಾಗ ಗರಿಷ್ಠ 0.5.

ಈಗ ಇದೇ ಬ್ಯಾಂಕಿನ ನಿವ್ವಳ ಬಡ್ಡಿ ಆದಾಯ 2,400ಕ್ಕೆ ಕುಸಿಯಿತು, ಇತರೆ ಆದಾಯ ಅಷ್ಟೇ ಉಳಿಯಿತು ಎನ್ನಿ. ಸೂಚ್ಯಂಕ 0.415ಕ್ಕೆ ಏರುತ್ತದೆ. ಬ್ಯಾಂಕ್ ಬಡವಾಯಿತು, ಸೂಚ್ಯಂಕ ಮಾತ್ರ ‘ವೈವಿಧ್ಯ ಹೆಚ್ಚಿತು’ ಎನ್ನುತ್ತದೆ. ಅದಕ್ಕೇ ಸೂಚ್ಯಂಕದ ಪಕ್ಕದ ಕಾಲಮ್ಮಿನಲ್ಲಿ ಶುಲ್ಕ ಆದಾಯವನ್ನು ಒಟ್ಟು ಆಸ್ತಿಯ ಶೇಕಡಾವಾರಾಗಿ ಬರೆದಿಡಿ. ಅದೂ ಏರಿದ್ದರೆ ಮಾತ್ರ ಸೂಚ್ಯಂಕದ ಮಾತು ನಂಬಿ.

ಹಂತ 6: 14ನೇ ಷೆಡ್ಯೂಲಿನ ಸಾಲುಗಳನ್ನು ಬೇರೆ ಮಾಡಿ

ಕೆಲಸದ ಬಹುಪಾಲು ಇರುವುದು ಇಲ್ಲೇ. ಪ್ರತಿ ಸಾಲಿನ ಎದುರೂ ಒಂದೇ ಪ್ರಶ್ನೆ ಬರೆದುಕೊಳ್ಳಿ: ಇದು ಯಾರ ತಿಳಿವಳಿಕೆಯಿಂದ ಬಂದ ಹಣ?

ಮೊದಲ ಸಾಲು ಕಮಿಷನ್, ವಿನಿಮಯ, ದಲ್ಲಾಳಿ. ಬ್ಯಾಂಕ್ ಗ್ಯಾರಂಟಿ, ಲೆಟರ್ ಆಫ್ ಕ್ರೆಡಿಟ್ (ಆಮದುದಾರರ ಪರವಾಗಿ ಹಣ ಕೊಡುವ ಬ್ಯಾಂಕಿನ ಭರವಸೆ ಪತ್ರ), ವಿಮೆ ಮಾರಾಟ, ಸರ್ಕಾರಿ ವ್ಯವಹಾರ ಎಲ್ಲ ಇದರಲ್ಲಿವೆ. ರಫ್ತುದಾರರ ದಾಖಲೆಗಳನ್ನು ತಪ್ಪಿಲ್ಲದೆ ಪರಿಶೀಲಿಸುವ ಸಿಬ್ಬಂದಿ ಇಲ್ಲದೆ ಲೆಟರ್ ಆಫ್ ಕ್ರೆಡಿಟ್ ಕಮಿಷನ್ ಹುಟ್ಟುವುದಿಲ್ಲ. ಇದು ಅಪ್ಪಟ ಜ್ಞಾನದ ಆದಾಯ. ಆದರೂ ಒಂದೇ ಬಗೆಯ ವ್ಯವಹಾರವನ್ನು ನೆಚ್ಚಿದ್ದರೆ ಅದಕ್ಕೂ ಅಪಾಯವಿದೆ. ಬಾಂಗ್ಲಾದೇಶದಲ್ಲಿ 2022ರಿಂದ ಡಾಲರ್ ಕೊರತೆಯಾಗಿ ಆಮದಿಗೆ ಕಡಿವಾಣ ಬಿದ್ದಾಗ ಅಲ್ಲಿನ ಬ್ಯಾಂಕ್‌ಗಳಲ್ಲಿ ಲೆಟರ್ ಆಫ್ ಕ್ರೆಡಿಟ್ ತೆರೆಯುವುದೇ ಇಳಿಯಿತು.

ಸಾಲದ ಪ್ರೊಸೆಸಿಂಗ್ ಶುಲ್ಕವನ್ನೂ ಕಣ್ಣಿಟ್ಟು ನೋಡಿ. ಹೆಸರಿಗೆ ಶುಲ್ಕ, ಆದರೆ ಸಾಲ ನಿಂತರೆ ಅದೂ ನಿಲ್ಲುತ್ತದೆ. ಅದನ್ನು ಬಡ್ಡಿಯ ಪಕ್ಕಕ್ಕೇ ಸರಿಸುವುದು ಮೇಲು.

ಹೂಡಿಕೆ ಮಾರಾಟದ ಲಾಭ ಮುಂದಿನ ಸಾಲು. ಬಡ್ಡಿ ದರ ಇಳಿದರೆ ಹಳೆಯ ಸರ್ಕಾರಿ ಸಾಲಪತ್ರಗಳ ಬೆಲೆ ಏರುತ್ತದೆ, ಅವನ್ನು ಮಾರಿದಾಗಿನ ಟ್ರೆಷರಿ ಲಾಭ ತುಂಬಿ ಬರುತ್ತದೆ. 2022ರ ಮೇಯಿಂದ 2023ರ ಫೆಬ್ರುವರಿವರೆಗೆ ರೆಪೊ 4ರಿಂದ 6.5ಕ್ಕೆ ಏರಿದಂಥ ಕಾಲದಲ್ಲಿ ಬತ್ತುತ್ತದೆ. ಜೊತೆಗೆ 2024ರ ಏಪ್ರಿಲ್‌ನಿಂದ ಹೂಡಿಕೆ ವರ್ಗೀಕರಣದ ನಿಯಮವೇ ಬದಲಾಗಿದೆ. ಮಾರಾಟಕ್ಕೆ ಲಭ್ಯವೆಂದು ಇಟ್ಟ ಸಾಲಪತ್ರಗಳ ಬೆಲೆ ಏರಿಳಿತ ಈಗ ಲಾಭ-ನಷ್ಟ ಖಾತೆಗೆ ಬಾರದೆ ನೇರ ಮೀಸಲಿಗೆ ಹೋಗುತ್ತದೆ. ಹಾಗಾಗಿ 2023-24 ಮತ್ತು 2024-25ರ ನಡುವೆ ಒಂದು ಗೆರೆ ಎಳೆಯಿರಿ. ಒಂದೇ ಸಲದ ಮಾರಾಟಗಳೂ ಇರುತ್ತವೆ. 2025ರ ಅಕ್ಟೋಬರ್‌ನಲ್ಲಿ ಕೆನರಾ ರೊಬೆಕೋ ಮತ್ತು ಕೆನರಾ ಎಚ್‌ಎಸ್‌ಬಿಸಿ ಲೈಫ್ ಷೇರುಪೇಟೆಗೆ ಬಂದಾಗ ಕೆನರಾ ಬ್ಯಾಂಕ್ ತನ್ನ ಪಾಲಿನಲ್ಲಿ ಒಂದಂಶ ಮಾರಿತು. ಆ ಹಣ ಪ್ರತಿ ವರ್ಷ ಬರುವಂಥದ್ದಲ್ಲ.

ವಿದೇಶಿ ವಿನಿಮಯದ ಸಾಲು ಓದುವಾಗ ನೈಜೀರಿಯಾ ನೆನಪಿರಲಿ. 2023ರ ಜೂನ್‌ನಲ್ಲಿ ಅಲ್ಲಿನ ಕರೆನ್ಸಿ ನೈರಾವನ್ನು ಸಡಿಲಬಿಟ್ಟು ಅದರ ಬೆಲೆ ಕುಸಿದಾಗ ಅಲ್ಲಿನ ಬ್ಯಾಂಕ್‌ಗಳ ಡಾಲರ್ ಆಸ್ತಿಯ ಮೌಲ್ಯ ನೈರಾ ಲೆಕ್ಕದಲ್ಲಿ ಜಿಗಿದು ಲಾಭ ಉಕ್ಕಿತು. ಆ ಲಾಭದಿಂದ ಡಿವಿಡೆಂಡ್ ಕೊಡಬೇಡಿ ಎಂದು ಅಲ್ಲಿನ ಕೇಂದ್ರ ಬ್ಯಾಂಕ್ ಹೇಳಬೇಕಾಯಿತು. ಸೂಚ್ಯಂಕ ಹಾಕಿದರೆ ಆ ವರ್ಷ ಎಲ್ಲರೂ ವೈವಿಧ್ಯದ ಶಿಖರದಲ್ಲಿ!

ಕೊನೆಯ ‘ಇತರೆ’ ಸಾಲಿನಲ್ಲಿ ಎರಡು ಮುಖ್ಯ ಸಂಗತಿ ಸೇರಿಕೊಂಡಿರುತ್ತವೆ. ಒಂದು, ರೈಟ್‌ಆಫ್ ಆದ, ಅಂದರೆ ಬಾರದೆಂದು ಲೆಕ್ಕದಿಂದ ತೆಗೆದ ಸಾಲಗಳ ವಸೂಲಿ. ಇದು ಹಳೇ ನಷ್ಟದಲ್ಲಿ ಸ್ವಲ್ಪ ಮರಳಿ ಬಂದದ್ದು, ಹೊಸ ಆದಾಯ ಮೂಲವಲ್ಲ. ಇನ್ನೊಂದು, ಆದ್ಯತಾ ವಲಯ ಸಾಲ ಪ್ರಮಾಣಪತ್ರಗಳ ಮಾರಾಟ. 2016ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ, ಗುರಿಗಿಂತ ಹೆಚ್ಚು ಸಣ್ಣ ರೈತರಿಗೆ ಸಾಲ ಕೊಟ್ಟ ಬ್ಯಾಂಕ್ ತನ್ನ ಹೆಚ್ಚುವರಿ ಸಾಧನೆಯನ್ನು ಗುರಿ ಮುಟ್ಟದ ಬ್ಯಾಂಕ್‌ಗೆ ಮಾರಬಹುದು. ಸಾಲ ಇದ್ದಲ್ಲೇ ಇರುತ್ತದೆ, ಶುಲ್ಕ ಬರುತ್ತದೆ. ರೈತರ ಪಹಣಿ, ಬೆಳೆ, ಮಳೆಯ ಲೆಕ್ಕ ಬಲ್ಲ ಹಳ್ಳಿ ಶಾಖೆಯ ತಿಳಿವಳಿಕೆಗೆ ಮಾರುಕಟ್ಟೆ ಬೆಲೆ ಕಟ್ಟಿದ್ದು ಇಲ್ಲಿ ಕಾಣುತ್ತದೆ. ನನ್ನ ಮಟ್ಟಿಗೆ 14ನೇ ಷೆಡ್ಯೂಲಿನಲ್ಲಿ ಸಂಬಂಧ ಬಂಡವಾಳ ಅತ್ಯಂತ ಸ್ಪಷ್ಟವಾಗಿ ಕಾಣುವ ಅಂಕಿ ಇದು. ವಿವರ ಟಿಪ್ಪಣಿಗಳಲ್ಲಿ ಸಿಗುತ್ತದೆ.

ಕನಿಷ್ಠ ಶಿಲ್ಕು ಇಡದವರಿಗೆ ಹಾಕುವ ದಂಡವೂ ಶುಲ್ಕವೇ. ಆದರೆ ಅದಕ್ಕೆ ಯಾವ ವಿದ್ಯೆ ಬೇಕು? ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಉಳಿತಾಯ ಖಾತೆಗಳಲ್ಲಿ ಈ ದಂಡ ಕೈಬಿಟ್ಟಿತು.

ಈಗ ನಮ್ಮ ಉದಾಹರಣೆಗೆ ಮರಳಿ. 1,000 ಕೋಟಿಯಲ್ಲಿ ಟ್ರೆಷರಿ 250, ರೈಟ್‌ಆಫ್ ವಸೂಲಿ 200 ಎನ್ನಿ. ಇವೆರಡನ್ನೂ ತೆಗೆದರೆ ಉಳಿಯುವುದು 550. ಹೊಸ ಒಟ್ಟು 3,550, ಹೊಸ ಸೂಚ್ಯಂಕ 0.26. ಕೇರುವ ಮುಂಚೆ ಇದ್ದದ್ದು 0.375.

ಹಂತ 7: ಎರಡನ್ನೂ ಜೋಡಿಸಿ

ಪ್ರತಿ ವರ್ಷಕ್ಕೆ ಒಂದು ಸಾಲು: ಪ್ರಾವಿಷನ್ ಕಳೆದ ಮಾನವ ಬಂಡವಾಳ ದಕ್ಷತೆ, ಠೇವಣಿ ವೆಚ್ಚ, ಕೇರಿದ ಸೂಚ್ಯಂಕ, ತಲಾ ನೌಕರರಿಗೆ ಶುಲ್ಕ ಆದಾಯ. ಈ ವರ್ಷದ ದಕ್ಷತೆಯನ್ನು ಮುಂದಿನ ವರ್ಷದ ಅಥವಾ ಅದರಾಚೆ ವರ್ಷದ ಶುಲ್ಕದ ಎದುರು ಇಟ್ಟು ನೋಡಿ. ಕಲಿತದ್ದು ಆದಾಯವಾಗಲು ಸಮಯ ಬೇಕು. ಶುಲ್ಕ ಹೆಚ್ಚಿರುವ ಬ್ಯಾಂಕ್ ಒಳ್ಳೇ ಸಂಬಳ ಕೊಟ್ಟು ಒಳ್ಳೆಯವರನ್ನು ಸೇರಿಸಿಕೊಳ್ಳುವುದೂ ಉಂಟು, ಆದ್ದರಿಂದ ಕಾರಣ ಯಾವುದು, ಫಲ ಯಾವುದು ಎಂದು ಅವಸರದಲ್ಲಿ ತೀರ್ಮಾನಿಸಬೇಡಿ. ಎಕ್ಸೆಲ್‌ನಲ್ಲಿ ನಿವ್ವಳ ಬಡ್ಡಿ ಆದಾಯ ಮತ್ತು ಶುಲ್ಕಗಳ ವಾರ್ಷಿಕ ಬೆಳವಣಿಗೆ ದರದ ಸಹಸಂಬಂಧ ತೆಗೆಯಿರಿ. ಅದು 1ರ ಹತ್ತಿರವಿದ್ದರೆ ಎರಡೂ ಒಟ್ಟಿಗೇ ಏಳುತ್ತವೆ, ಒಟ್ಟಿಗೇ ಬೀಳುತ್ತವೆ. ಅಂಥ ವೈವಿಧ್ಯದಿಂದ ಕಷ್ಟಕಾಲಕ್ಕೆ ಆಸರೆಯಿಲ್ಲ. ಸಂಶೋಧಕರು ಹಲವು ಬ್ಯಾಂಕ್‌ಗಳನ್ನು ಸೇರಿಸುವಾಗ ಬ್ಯಾಂಕ್‌ವಾರು ಫಿಕ್ಸೆಡ್ ಎಫೆಕ್ಟ್ (ಆಯಾ ಬ್ಯಾಂಕಿನ ಬದಲಾಗದ ಗುಣಗಳನ್ನು ಬೇರೆ ಮಾಡುವ ಕ್ರಮ) ಹಾಕಿ, ಸರ್ಕಾರಿ ಮತ್ತು ಖಾಸಗಿಯನ್ನು ಬೇರೆ ಬೇರೆಯಾಗಿಯೂ ಓಡಿಸಿ.

ಹಂತ 8: ಒಂದು ಶಾಖೆಗೆ ಹೋಗಿ ಕೂತು ನೋಡಿ

ನಮ್ಮ ಬೀದಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಮೂವತ್ತು ವರ್ಷ ಒಂದೇ ಶಾಖೆಯಲ್ಲಿ ಅವರ ಖಾತೆ. ಎಫ್‌ಡಿ ನವೀಕರಿಸಲು ಹೋದಾಗ ಕೌಂಟರಿನ ಹುಡುಗ ‘ಅಮ್ಮಾ, ಇದೂ ಎಫ್‌ಡಿ ಥರಾನೇ, ಇನ್ನೂ ಜಾಸ್ತಿ ಸಿಗುತ್ತೆ’ ಎಂದು ಕಾಗದ ಮುಂದಿಟ್ಟ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಅವನು ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಹಾಕಿದರು. ವರ್ಷ ಕಳೆದ ಮೇಲೆ ಎರಡನೇ ಕಂತು ಕಟ್ಟಿ ಎಂದು ಮೆಸೇಜ್ ಬಂತು. ಪಾಸ್‌ಬುಕ್ ಜೊತೆ ಪಾಲಿಥಿನ್ ಕವರಿನಲ್ಲಿ ಜೋಪಾನವಾಗಿಟ್ಟ ಕಾಗದ ತಂದು ನನಗೆ ತೋರಿಸಿದಾಗ ಅದು ವಿಮಾ ಪಾಲಿಸಿ ಎಂದು ನಾನೇ ಹೇಳಬೇಕಾಯಿತು. ಬೇಡವೆಂದು ಮರಳಿಸುವ ಗಡುವು ಆಗಲೇ ಮುಗಿದಿತ್ತು. ಅವರು ಬೈಯಲಿಲ್ಲ. ಉಳಿದ ಠೇವಣಿಯನ್ನೆಲ್ಲ ತೆಗೆದು ಬೇರೆ ಕಡೆ ಇಟ್ಟರು.

ಆ ವರ್ಷದ 14ನೇ ಷೆಡ್ಯೂಲಿನಲ್ಲಿ ಆ ಪಾಲಿಸಿಯ ಕಮಿಷನ್ ಸೇರಿದೆ, ವೈವಿಧ್ಯ ಸೂಚ್ಯಂಕವೂ ಅಷ್ಟರಮಟ್ಟಿಗೆ ಏರಿದೆ. ಹುಡುಗನನ್ನು ದೂರಿ ಪ್ರಯೋಜನವಿಲ್ಲ, ಅವನ ಗೋಡೆಯ ಮೇಲೆ ತಿಂಗಳ ಟಾರ್ಗೆಟ್ ಬರೆದಿರುತ್ತದೆ. ಈಗ ಒಂದು ಬ್ಯಾಂಕ್ ಒಂಬತ್ತು ಜೀವ ವಿಮಾ ಕಂಪನಿಗಳವರೆಗೆ ಏಜೆಂಟ್ ಆಗಬಹುದು. ಅದೇ ಕೌಂಟರ್‌ ಆ ಶಿಕ್ಷಕಿಯ ವಯಸ್ಸು, ಆದಾಯ, ಅಗತ್ಯ ಕೇಳಿ ತಕ್ಕ ಪಾಲಿಸಿ ತೋರಿಸಿದ್ದರೆ ಅದೇ ಕಮಿಷನ್ ಜ್ಞಾನದ ಆದಾಯವಾಗುತ್ತಿತ್ತು.

ಹಾಗಾಗಿ ಲೆಕ್ಕ ಮುಗಿಸುವ ಮುಂಚೆ ಇನ್ನೊಂದು ಕಾಲಮ್ ಸೇರಿಸಿ. 18ನೇ ಷೆಡ್ಯೂಲಿನಲ್ಲಿ ವಿಮೆ ಮಾರಾಟದ ಕಮಿಷನ್ ಎಷ್ಟು ಎಂದು ಬೇರೆಯಾಗಿ ಕೊಟ್ಟಿರುತ್ತಾರೆ. ಅದರಲ್ಲೇ ಗ್ರಾಹಕರ ದೂರುಗಳ ಕೋಷ್ಟಕವೂ ಇದೆ, ಯಾವ ಕಾರಣಕ್ಕೆ ಎಷ್ಟು ದೂರು ಬಂತು ಎಂಬ ವಿಂಗಡಣೆ ಸಮೇತ. ತಪ್ಪು ಹೇಳಿ ಮಾರಿದ್ದು ಆ ಕಾರಣಗಳಲ್ಲಿ ಒಂದು. ಐದು ವರ್ಷಗಳ ಕಮಿಷನ್ ಎಡಕ್ಕೆ, ಐದು ವರ್ಷಗಳ ದೂರು ಬಲಕ್ಕೆ, ನಡುವೆ ಠೇವಣಿ ವೆಚ್ಚ ಬರೆಯಿರಿ. ಕಮಿಷನ್ ಏರುವಾಗ ದೂರೂ ಏರಿ, ಠೇವಣಿಗೆ ಬೇರೆಯವರಿಗಿಂತ ಹೆಚ್ಚು ಬಡ್ಡಿ ಕೊಡಬೇಕಾದ ಸ್ಥಿತಿ ಬಂದಿದ್ದರೆ, ಆ ಕಮಿಷನ್ನನ್ನು ಕೇರಿದ ಸೂಚ್ಯಂಕದಿಂದ ತೆಗೆದು ಇನ್ನೊಮ್ಮೆ ಲೆಕ್ಕ ಹಾಕಿ.